ವಿಮಾನ ತಡವಾದರೆ ಬಸ್ಸು ರೈಲುಗಳೇ ಗತಿ

(ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಸ್ಥರ ಸಭೆಗಳಲ್ಲಿ ಮಾಡಿದ ಭಾಷಣದ ಪಾಠ)



ಇವತ್ತಿನ ಭಾಷಣದ ವಿಷಯ ವಿಮಾನ ಎಂದು ಕರಪತ್ರದಲ್ಲಿ ಓದಿ ಕೆಲವರು ನಕ್ಕರಂತೆ. ಬೇಳೆ ಗಿರಣಿಯಲ್ಲಿ ಚೀಲ ಹೊರುವವನಿಗೆ, ಸಂತೆಯಲ್ಲಿ ಅಂಗಡಿ ಹಚ್ಚುವವನಿಗೆ ವಿಮಾನ ತಡವಾದರೇನು, ಬೇಗ ಬಂದರೇನು ಎಂಬುದು ಅವರ ಮಾತು. ನಗಲಿ, ಬೇಸರವಿಲ್ಲ. ಆದರೆ ಮಕ್ಕಳು ದಿಲ್ಲಿ, ಮುಂಬಯಿ, ಬೆಂಗಳೂರುಗಳಲ್ಲಿ ಕೆಲಸಕ್ಕಿರುವವರು ಈ ಸಭೆಯಲ್ಲಿ ಎಷ್ಟು ಜನ ಇದ್ದೀರಿ, ಕೈ ಎತ್ತಿರಿ ಎಂದರೆ ಅರ್ಧ ಸಭೆ ಕೈ ಎತ್ತೀತು. ಮನೆಯಲ್ಲಿ ಒಂದು ಕಾಯಿಲೆ, ಒಂದು ಸಾವು ಆದಾಗ ಆ ಮಕ್ಕಳು ಸಾಲ ಮಾಡಿಯಾದರೂ ವಿಮಾನದ ಟಿಕೇಟು ತೆಗೆಯುತ್ತಾರೆ. ತೊಗರಿಯ ಬಾಕಿ ವಸೂಲಿಗೆ ಬೆಂಗಳೂರಿಗೆ ಓಡುವ ಸಣ್ಣ ವರ್ತಕನೂ ಒಂದು ದಿನ ಉಳಿದರೆ ಉಳಿಯಲಿ ಎಂದು ವಿಮಾನ ಹತ್ತುವುದುಂಟು. ಮೋಜಿಗಾಗಿ ಹತ್ತುವವರು ನಮ್ಮಲ್ಲಿಲ್ಲ. ಅಡಚಣೆಗಾಗಿ ಹತ್ತುತ್ತೇವೆ. ಆದ್ದರಿಂದ ಅದು ತಡವಾದರೆ ಎಲ್ಲರಿಗಿಂತ ಹೆಚ್ಚು ಪೆಟ್ಟು ನಮಗೇ.

ಆಳಂದದ ಕಡೆಯ ಒಬ್ಬ ಗಿರಣಿ ಕಾರ್ಮಿಕನ ಮಗ ದಿಲ್ಲಿಯ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದಾನೆ. ತಾಯಿಯನ್ನು ಕಲಬುರಗಿಯ ಆಸ್ಪತ್ರೆಗೆ ಸೇರಿಸಿದ್ದಾರೆಂದು ಫೋನು ಬಂತು. ಗೆಳೆಯರಲ್ಲಿ ಕೈಗಡ ತೆಗೆದು ಹೈದರಾಬಾದಿನ ವಿಮಾನಕ್ಕೆ ಟಿಕೇಟು ಮಾಡಿಸಿದ. ಮಧ್ಯಾಹ್ನ ಹೊರಡಬೇಕಾದ ವಿಮಾನ ಒಂದು ತಾಸು ತಡ ಎಂದರು. ಆಮೇಲೆ ಇನ್ನೊಂದು ತಾಸು, ಮತ್ತೂ ಒಂದು ತಾಸು. ಹೀಗೆ ಕಂತು ಕಂತಾಗಿ ಸಾಯಂಕಾಲ ಕಳೆಯಿತು. ಶಂಶಾಬಾದಿನಲ್ಲಿ ಇಳಿದಾಗ ನಡುರಾತ್ರಿ ಸಮೀಪಿಸಿತ್ತು, ಸಂಜೆಯ ರೈಲು ಹೋಗಿತ್ತು. ಕಲಬುರಗಿಗೆ ಟ್ಯಾಕ್ಸಿಯವರು ಅವನ ಅರ್ಧ ತಿಂಗಳ ಸಂಬಳ ಕೇಳಿದರು. ಅವನು ನಿಲ್ದಾಣದ ಸರಕಾರಿ ಬಸ್ಸು ಹಿಡಿದು ಊರೊಳಗೆ ಬಂದ. ಅಲ್ಲಿ ನಮ್ಮ ಕಡೆಯ ಕೆಂಪು ಬಸ್ಸೊಂದು ಹೊರಡಲಿಕ್ಕೆ ನಿಂತಿತ್ತು. ನಿಂತುಕೊಂಡೇ ಬಂದನಂತೆ. ಬೆಳಗಿನ ಹೊತ್ತಿಗೆ ಆಸ್ಪತ್ರೆಯ ಬಾಗಿಲಲ್ಲಿದ್ದ. ಶಸ್ತ್ರಕ್ರಿಯೆಯ ಕಾಗದದ ಮೇಲೆ ಸಹಿ ಮಾಡಲು ಅವನಿಗಾಗಿಯೇ ಕಾದಿದ್ದರು.

ಸಾವಿರದ ಇನ್ನೂರು ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ವಿಮಾನ ಎರಡು ತಾಸಿನ ಆಸುಪಾಸಿನಲ್ಲಿ ಹಾರುತ್ತದೆ, ನಿಜ. ಆದರೆ ಮನುಷ್ಯನನ್ನು ಮನೆಯ ಬಾಗಿಲಿಗೆ ತಂದು ಮುಟ್ಟಿಸುವುದು ಬಸ್ಸು.

ಈಗ ಸ್ವಲ್ಪ ಲೆಕ್ಕ ಮಾಡೋಣ. ಶಾಲೆಯ ಹಲಗೆಯ ಮೇಲೆ ಬರೆದಂತೆ ನಿಧಾನವಾಗಿ ಮಾಡೋಣ. ಆಳಂದದವನು ಬೆಂಗಳೂರಿಗೆ ವಿಮಾನದಲ್ಲಿ ಹೋಗಬೇಕೆಂದಿಟ್ಟುಕೊಳ್ಳಿ. ಕಲಬುರಗಿ ತನಕ ನಲವತ್ತು ಚಿಲ್ಲರೆ ಕಿಲೋಮೀಟರು. ಬಸ್ಸಿನಲ್ಲಿ ತಾಸು, ತಾಸೂಕಾಲು. ಅಲ್ಲಿಂದ ಸೇಡಂ ರಸ್ತೆಯ ಶ್ರೀನಿವಾಸ ಸರಡಗಿಯ ವಿಮಾನ ನಿಲ್ದಾಣಕ್ಕೆ ಮುಕ್ಕಾಲು ತಾಸು. ಹಾರುವುದಕ್ಕೆ ತಾಸೂವರೆ ಮೊದಲು ಅಲ್ಲಿರಬೇಕು. ಹಾರುವುದು ತಾಸು, ತಾಸೂಕಾಲು. ಇಳಿದು, ಗಂಟುಮೂಟೆ ಬಿಡಿಸಿಕೊಂಡು, ದೇವನಹಳ್ಳಿಯಿಂದ ಮೆಜೆಸ್ಟಿಕ್ಕಿಗೆ ಬರುವುದಕ್ಕೆ ಎರಡು ತಾಸು. ಒಟ್ಟು ಆರೂವರೆ, ಏಳು ತಾಸು ಆಯಿತು. ರೈಲಿನಲ್ಲಿಯೋ? 2024ರ ಮಾರ್ಚ್ 12ರಂದು ಶುರುವಾದ ಕಲಬುರಗಿ-ಬೆಂಗಳೂರು ವಂದೇ ಭಾರತ್ ಸುಮಾರು ಒಂಬತ್ತು ತಾಸು ತೆಗೆದುಕೊಳ್ಳುತ್ತದೆ. ಆಳಂದದ ಬಸ್ಸು ಸೇರಿಸಿದರೆ ಹನ್ನೊಂದು ತಾಸಿನ ಒಳಗೆ. ವ್ಯತ್ಯಾಸ ನಾಲ್ಕು ತಾಸು ಮಾತ್ರ. ಅಂದರೆ ವಿಮಾನ ನಾಲ್ಕು ತಾಸು ತಡವಾಯಿತೋ, ಅದೇ ಹೊತ್ತಿಗೆ ರೈಲು ಹತ್ತಿದವನೂ ಅದರಲ್ಲಿ ಕುಳಿತವನೂ ಬೆಂಗಳೂರಿನಲ್ಲಿ ಒಟ್ಟಿಗೇ ಚಹಾ ಕುಡಿಯುತ್ತಾರೆ.

ಇನ್ನು ಆ ವಿಮಾನವೇ ಇರಬೇಕಲ್ಲ! ಸರಡಗಿಯಲ್ಲಿ 2008ರಲ್ಲಿ ಶಂಕುಸ್ಥಾಪನೆ ಆಯಿತು. ಮೊದಲ ಪ್ರಯಾಣಿಕ ವಿಮಾನ ಬಂದದ್ದು 2019ರ ನವೆಂಬರ್ 22ರಂದು. ಹನ್ನೊಂದು ವರ್ಷ ಕಾದೆವು. ಅದು ಹಾರಿದ್ದು ಉಡಾನ್ ಎಂಬ ಯೋಜನೆಯ ಅಡಿಯಲ್ಲಿ. ಹವಾಯಿ ಚಪ್ಪಲಿ ಮೆಟ್ಟಿದವನೂ ವಿಮಾನ ಹತ್ತಬೇಕು ಎಂಬುದು ಅದರ ಘೋಷಣೆ. ಘೋಷಣೆಗೆ ನಮ್ಮ ತಕರಾರಿಲ್ಲ. ಅದರ ಒಳಗಣ ಏರ್ಪಾಟನ್ನು ನೋಡಿರಿ. ಅರ್ಧದಷ್ಟು ಸೀಟುಗಳಿಗೆ ದರದ ಮಿತಿ ಹಾಕುತ್ತಾರೆ. ಕಂಪನಿಗೆ ಬೀಳುವ ಕೊರತೆಯನ್ನು ಮೂರು ವರ್ಷ ಸಾರ್ವಜನಿಕ ಹಣದಿಂದ ತುಂಬಿಕೊಡುತ್ತಾರೆ. ಮೂರು ವರ್ಷ ಮುಗಿದ ಮೇಲೆ ಕಂಪನಿಗೆ ಲಾಭ ಕಂಡರೆ ಹಾರುತ್ತದೆ, ಕಾಣದಿದ್ದರೆ ರೆಕ್ಕೆ ಮಡಚುತ್ತದೆ. ಕಲಬುರಗಿಯಲ್ಲಿ ಒಂದೊಂದೇ ಹಾರಾಟ ಕಡಿಮೆಯಾಗುತ್ತ ಬಂದು 2025ರ ಅಕ್ಟೋಬರಿನಲ್ಲಿ ಬೆಂಗಳೂರಿನ ವಿಮಾನವೂ ನಿಂತಿತು. ಬೀದರಿನದೂ ಇದೇ ಕಥೆ: 2020ರ ಫೆಬ್ರವರಿಯಲ್ಲಿ ಶುರು, ನಡುವೆ ನಿಂತಿತು, ಮತ್ತೆ ಬಂತು, ಮತ್ತೆ ನಿಂತಿತು, 2025ರ ಏಪ್ರಿಲಿನಲ್ಲಿ ಮತ್ತೊಮ್ಮೆ ಬಂತು. ಇಂಥ ವಿಮಾನ ಇನ್ನು ಮುಂದೆಯೂ ಹಾರೀತು, ನಿಂತೀತು. ಒಂದು ದಿನ ತಡವಾಗುವುದಕ್ಕೂ ಒಂದು ವರ್ಷ ತಡವಾಗುವುದಕ್ಕೂ ಪ್ರಯಾಣಿಕನ ಮಟ್ಟಿಗೆ ಉತ್ತರ ಒಂದೇ. ಬೇರೆ ದಾರಿ ಗೊತ್ತಿರಬೇಕು.

ಆ ದಾರಿಗಳ ವಿಚಾರವನ್ನು ಬಿಡಿಸಿ ಹೇಳುತ್ತೇವೆ, ಗಮನವಿಡಿ.

ಮೊದಲು, ವಿಮಾನ ಯಾಕೆ ತಡವಾಗುತ್ತದೆ? ಮಂಜು, ಮಳೆ ಒಂದು ಕಾರಣ. ಆದರೆ ಬಹಳ ಸಲ ಕಾರಣ ಇನ್ನೂ ಸರಳ. ಒಂದೇ ವಿಮಾನ ಬೆಳಗಿನಿಂದ ರಾತ್ರಿಯವರೆಗೆ ಐದಾರು ಸಲ ಊರೂರು ಹಾರುತ್ತದೆ. ಆಳಂದ-ಕಲಬುರಗಿ ನಡುವೆ ಒಂದೇ ಬಸ್ಸು ದಿನಕ್ಕೆ ನಾಲ್ಕು ಸುತ್ತು ಹಾಕುವಂತೆ. ಬೆಳಗಿನ ಸುತ್ತಿನಲ್ಲಿ ಅರ್ಧ ತಾಸು ಕಳೆದರೆ ಸಂಜೆಗೆ ಅದು ಎರಡು ತಾಸಾಗಿ ಬೆಳೆದಿರುತ್ತದೆ. ಆದ್ದರಿಂದ ತುರ್ತು ಕೆಲಸವಿದ್ದವನು ಬೆಳಗಿನ ಮೊದಲ ವಿಮಾನಕ್ಕೆ ಟಿಕೇಟು ತೆಗೆಯಬೇಕು. ತಡ ಎಂದು ಹೇಳಿದಾಗ ಕೌಂಟರಿನಲ್ಲಿ ಕೇಳಬೇಕಾದ ಪ್ರಶ್ನೆ ‘ಎಷ್ಟು ಹೊತ್ತಿಗೆ ಹೊರಡುತ್ತದೆ’ ಎಂಬುದಲ್ಲ. ‘ನಮ್ಮ ವಿಮಾನ ಈಗ ಯಾವ ಊರಿನಲ್ಲಿದೆ’ ಎಂಬುದು. ಅದು ಇನ್ನೂ ಬೇರೆ ಊರಿನ ನೆಲದ ಮೇಲೇ ಇದ್ದರೆ ಹಲಗೆಯ ಮೇಲಿನ ಒಂದು ತಾಸನ್ನು ನಂಬಬೇಡಿ.

ಎರಡನೆಯದಾಗಿ, ಕಾಯಬೇಕೋ ಏಳಬೇಕೋ? ದಿಲ್ಲಿಯಿಂದ ಬರುವವನು ಕಾಯಲೇಬೇಕು, ಏಕೆಂದರೆ ರೈಲಿಗೆ ಒಂದು ಹಗಲು ಒಂದು ರಾತ್ರಿ ಮೀರಿ ಬೇಕು. ಅವನ ಯೋಚನೆ ಇಳಿದ ಮೇಲಿನ ದಾರಿಯದ್ದಾಗಿರಲಿ. ಬೆಂಗಳೂರು, ಹೈದರಾಬಾದುಗಳಿಂದ ಬರುವವನು ಎರಡು ತಾಸಿಗಿಂತ ಹೆಚ್ಚು ತಡ ಎಂದು ತಿಳಿದೊಡನೆ ಬೇರೆ ದಾರಿ ಹುಡುಕತಕ್ಕದ್ದು. ದೇವನಹಳ್ಳಿಯಲ್ಲಿ ಸಿಕ್ಕಿಕೊಂಡವನು ಮೆಜೆಸ್ಟಿಕ್ಕಿನವರೆಗೆ ಹೋಗಬೇಕಾಗಿಲ್ಲ. ಉದ್ಯಾನ್, ಕರ್ನಾಟಕ ಎಕ್ಸ್‌ಪ್ರೆಸ್, ವಂದೇ ಭಾರತ್, ಇವೆಲ್ಲ ಯಲಹಂಕದಲ್ಲಿ ನಿಲ್ಲುತ್ತವೆ. ವಿಮಾನ ನಿಲ್ದಾಣಕ್ಕೆ ಮೆಜೆಸ್ಟಿಕ್ಕಿಗಿಂತ ಯಲಹಂಕ ಹತ್ತಿರ. ತತ್ಕಾಲ್ ಟಿಕೇಟು ಹಿಂದಿನ ದಿನವೇ ತೆಗೆಯುವಂಥದ್ದು, ಆ ಹೊತ್ತಿಗೆ ಉಪಯೋಗವಿಲ್ಲ. ಆದರೆ ಪಟ್ಟಿ ತಯಾರಾದ ಮೇಲೆ ಖಾಲಿ ಉಳಿದ ಸೀಟುಗಳನ್ನು ರೈಲು ಹೊರಡುವ ಮುಂಚೆ ಮಾಮೂಲು ದರಕ್ಕೇ ಕೊಡುತ್ತಾರೆಂಬುದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಹೈದರಾಬಾದಿನಿಂದಾದರೆ ವಿಕಾರಾಬಾದ, ತಾಂಡೂರು, ವಾಡಿ ಮೇಲೆ ರೈಲು ಇದೆ. ರೈಲು ತಪ್ಪಿದರೆ ಸರಕಾರಿ ಬಸ್ಸು ಇದೆ.

ಮೂರನೆಯ ಮಾತು ಹಕ್ಕಿನದು. ವಿಮಾನಯಾನ ಮಹಾನಿರ್ದೇಶನಾಲಯದ ನಿಯಮವಿದೆ. ಎರಡೂವರೆ ತಾಸಿನೊಳಗಿನ ಹಾರಾಟ ಎರಡು ತಾಸು ಮೀರಿ ತಡವಾದರೆ, ವೇಳೆಗೆ ಸರಿಯಾಗಿ ಹಾಜರಾದ ಪ್ರಯಾಣಿಕನಿಗೆ ಕಂಪನಿ ಊಟ ಉಪಾಹಾರ ಕೊಡಬೇಕು. ಆರು ತಾಸು ಮೀರುವುದಾದರೆ ಬೇರೆ ವಿಮಾನ, ಇಲ್ಲವೆ ಪೂರ್ತಿ ಹಣ ವಾಪಸು. ರಾತ್ರಿ ಎಂಟರಿಂದ ಬೆಳಗಿನ ಮೂರರೊಳಗೆ ಹೊರಡುವ ವಿಮಾನ ಆರು ತಾಸು ಮೀರಿ ತಡವಾದರೆ ಉಳಿಯಲು ವಸತಿ. ಮುನ್ಸೂಚನೆ ಕೊಡದೆ ರದ್ದು ಮಾಡಿದರೆ ಹಾರಾಟದ ಅವಧಿಗೆ ತಕ್ಕಂತೆ 5,000, 7,500, 10,000 ರೂಪಾಯಿಗಳವರೆಗೆ ಪರಿಹಾರ. ಆದರೆ ಮೂಲ ದರ ಹಾಗೂ ಇಂಧನ ಶುಲ್ಕ ಅದಕ್ಕಿಂತ ಕಡಿಮೆಯಿದ್ದರೆ ಅಷ್ಟೇ. ಹವಾಮಾನ ಕೆಟ್ಟಿತು, ದಾರಿ ಬಿಡಲಿಲ್ಲ ಎಂದರೆ ಈ ಪರಿಹಾರವೂ ಇಲ್ಲ. ಇಲ್ಲಿ ಒಂದು ಎಚ್ಚರ. ಸಿಟ್ಟಿನಿಂದ ನೀವಾಗಿ ಎದ್ದು ಹೋದರೆ ಟಿಕೇಟಿನ ಹಣ ಮುಳುಗಬಹುದು. ಎಷ್ಟು ತಾಸು ತಡ, ಏನು ಕಾರಣ ಎಂದು ಕೌಂಟರಿನಲ್ಲಿ ಬರೆಸಿಕೊಂಡು ಅಥವಾ ಫೋನಿಗೆ ಬಂದ ಸಂದೇಶವನ್ನು ಉಳಿಸಿಕೊಂಡು ಹೊರಡಿರಿ. ಕೊಡುವುದಿಲ್ಲವೆಂದರೆ ಏರ್‌ಸೇವಾದಲ್ಲಿ ದೂರು ಹಾಕಲು ಬರುತ್ತದೆ. ಇಂಗ್ಲಿಷು ಬಾರದವರಿಗೆ ನಮ್ಮ ಕಚೇರಿಯ ಹುಡುಗರು ಬರೆದುಕೊಡುತ್ತಾರೆ, ಕಾಸು ಬೇಡ.

ಈ ನಿಯಮಗಳಲ್ಲಿ ಒಂದು ದೊಡ್ಡ ಕಂಡಿ ಉಳಿದಿದೆ. ವಿಮಾನ ಕೈಕೊಟ್ಟರೆ ಬೇರೆ ವಿಮಾನ ಕೊಡಬೇಕು ಎನ್ನುತ್ತಾರೆ. ರೈಲಿನಲ್ಲಿ ಒಂದು ಸೀಟು ಕೊಡಿಸಬೇಕು ಎಂದು ಎಲ್ಲಿಯೂ ಹೇಳಿಲ್ಲ. ದಿನಕ್ಕೆ ಒಂದೇ ವಿಮಾನ ಇರುವ ಊರಿನಲ್ಲಿ ಬೇರೆ ವಿಮಾನವನ್ನು ಎಲ್ಲಿಂದ ತರುತ್ತಾರೆ?

ಈಗ 2025ರ ಡಿಸೆಂಬರಿಗೆ ಬರೋಣ. ಆ ತಿಂಗಳ ಮೊದಲ ವಾರ ದೇಶದ ವಿಮಾನ ನಿಲ್ದಾಣಗಳಲ್ಲಿ ಏನಾಯಿತೆಂಬುದನ್ನು ನೀವು ಕಂಡಿದ್ದೀರಿ. ದೇಶದ ಒಳಗಿನ ಪ್ರಯಾಣಿಕರಲ್ಲಿ ಅರ್ಧಕ್ಕೂ ಹೆಚ್ಚು ಜನರನ್ನು ಸಾಗಿಸುವ ಇಂಡಿಗೊ ಕಂಪನಿ ಡಿಸೆಂಬರ್ 5ರ ಒಂದೇ ದಿನ ಸಾವಿರಕ್ಕೂ ಮಿಕ್ಕಿ ಹಾರಾಟಗಳನ್ನು ರದ್ದು ಮಾಡಿತು. ಜನ ಗಂಟುಗಳ ರಾಶಿಯ ಮೇಲೆ ಮಲಗಿದರು. ಕಾರಣ ಏನೆಂದು ಹೇಳಿದರು? ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮ!

ಗಿರಣಿ ಕಾರ್ಮಿಕರೇ, ಈ ಮಾತನ್ನು ನೀವು ಚೆನ್ನಾಗಿ ಕೇಳಬೇಕು. ವಾರದ ವಿಶ್ರಾಂತಿಯನ್ನು 36 ತಾಸಿನಿಂದ 48 ತಾಸಿಗೆ ಏರಿಸಿದ್ದರು. ರಾತ್ರಿ ಪಾಳಿಯಲ್ಲಿ ಆರು ಸಲ ಇಳಿಸಬಹುದಾಗಿದ್ದ ವಿಮಾನವನ್ನು ಎರಡೇ ಸಲ ಇಳಿಸಬೇಕೆಂದು ಮಿತಿ ಹಾಕಿದ್ದರು. ನಿದ್ದೆಗೆಟ್ಟ ಕಣ್ಣಿನಿಂದ ನೂರೆಂಬತ್ತು ಜನರನ್ನು ಹೊತ್ತ ಯಂತ್ರವನ್ನು ನೆಲಕ್ಕಿಳಿಸಬಾರದೆಂಬುದೇ ಅದರ ಅರ್ಥ. ಈ ನಿಯಮ ರಾತ್ರೋರಾತ್ರಿ ಬಂದದ್ದೂ ಅಲ್ಲ. 2024ರ ಜನವರಿಯಲ್ಲಿಯೇ ಪ್ರಕಟವಾಗಿತ್ತು. ಮೊದಲ ಭಾಗ 2025ರ ಜುಲೈಯಲ್ಲಿ, ಉಳಿದದ್ದು ನವೆಂಬರ್ 1ರಂದು ಜಾರಿಗೆ ಬಂತು. ಹತ್ತಿರ ಹತ್ತಿರ ಎರಡು ವರ್ಷ ಸಮಯವಿತ್ತು. ಆ ಅವಧಿಯಲ್ಲಿ ತಕ್ಕಷ್ಟು ಜನರನ್ನು ಕೆಲಸಕ್ಕೆ ತೆಗೆದುಕೊಳ್ಳದೆ ಹಾರಾಟಗಳ ಪಟ್ಟಿಯನ್ನು ಮಾತ್ರ ತುಂಬಿಸಿಕೊಂಡವರು ಯಾರು? ಕಡೆಗೆ ಆದದ್ದೇನು? ಆ ಕಂಪನಿಗೆ ರಾತ್ರಿ ಪಾಳಿಯ ನಿಯಮದಿಂದ ತಾತ್ಪೂರ್ತಿಕ ವಿನಾಯಿತಿ ಸಿಕ್ಕಿತು. ಜನ ಸಿಕ್ಕಿಬಿದ್ದಾಗ ಬೇರೆ ಉಪಾಯವಿರಲಿಲ್ಲ ಎಂದು ಸರಕಾರ ಹೇಳೀತು. ಆದರೆ ಇದರ ರೂಢಿ ನಮಗೆ ಹಳೆಯದು. ಮಾಲೀಕ ಆಳು ಕಡಿಮೆ ಇಟ್ಟುಕೊಳ್ಳುತ್ತಾನೆ, ಮಾಲು ಹೋಗಲಿಲ್ಲವೆಂದು ಗಿರಾಕಿ ಕೂಗುತ್ತಾನೆ, ತಪ್ಪು ಕಾರ್ಮಿಕನ ರಜೆಯ ಮೇಲೆ ಬೀಳುತ್ತದೆ. ವಿಮಾನ ನಿಲ್ದಾಣದಲ್ಲಿ ಸಿಕ್ಕಿಕೊಂಡಾಗ ಪೈಲಟ್‌ನನ್ನೂ ಗಗನಸಖಿಯನ್ನೂ ಕೌಂಟರಿನ ಹುಡುಗಿಯನ್ನೂ ಬೈಯುವವರಿದ್ದಾರೆ. ನಮ್ಮವರು ಆ ಸಾಲಿಗೆ ಸೇರಬಾರದು. ಆ ಹುಡುಗಿಯ ಪಾಳಿಯೂ ಮುಗಿದು ನಾಲ್ಕು ತಾಸಾಗಿರುತ್ತದೆ.

ಆ ವಾರ ಜನರನ್ನು ಮನೆ ಮುಟ್ಟಿಸಿದವರು ಯಾರು ಎಂಬುದು ಇನ್ನೂ ಮುಖ್ಯ. ರೈಲ್ವೆಯವರು 37 ರೈಲುಗಳಿಗೆ 116 ಹೆಚ್ಚಿನ ಡಬ್ಬಿಗಳನ್ನು ಜೋಡಿಸಿದರು, ವಿಶೇಷ ರೈಲುಗಳನ್ನು ಬಿಟ್ಟರು. ಉಳಿದ ವಿಮಾನ ಕಂಪನಿಗಳು ದರವನ್ನು ಮುಗಿಲಿಗೇರಿಸಿದಾಗ ಸರಕಾರ ಡಿಸೆಂಬರ್ 6ರಂದು ಮಿತಿ ಹಾಕಬೇಕಾಯಿತು: 500 ಕಿಲೋಮೀಟರಿನ ತನಕ 7,500 ರೂಪಾಯಿ, ದೂರ ಹೆಚ್ಚಿದಂತೆ 18,000ದವರೆಗೆ. ಇಷ್ಟೆಲ್ಲ ಸುದ್ದಿಯಲ್ಲಿ ಒಂದು ಸಂಗತಿ ಬರಲಿಲ್ಲ. ವಿಮಾನದ ಸಾವಿರಾರು ಜನ ರೈಲಿಗೆ ನುಗ್ಗಿದಾಗ ಅಲ್ಲಿ ಮೊದಲೇ ನಿಂತವರ ಗತಿ ಏನು? ಮುಂಬಯಿ, ಪುಣೆಗಳಿಗೆ ಕೂಲಿಗೆ ಹೋಗುವ ಅಫಜಲಪುರದ ಕುಟುಂಬಗಳು ಸಾಮಾನ್ಯ ಡಬ್ಬಿಯ ಬಾಗಿಲಲ್ಲಿ ಜೋತುಬಿದ್ದು ಹೋಗುತ್ತವೆ. ವಂದೇ ಭಾರತ್ ರೈಲಿನಲ್ಲಿ ಸಾಮಾನ್ಯ ಡಬ್ಬಿಯೇ ಇಲ್ಲ. ಹೀಗೆ ವಿಮಾನ ನಿಂತರೆ ಅದರ ಭಾರ ಬಂದು ಬೀಳುವುದು ವಿಮಾನವನ್ನೇ ಕಾಣದವರ ಮೇಲೆ. ಆದ್ದರಿಂದಲೇ ನಗುವವರಿಗೆ ನಾವು ಹೇಳುವುದು, ಇದು ನಮ್ಮ ವಿಷಯ.

ಖಾಸಗಿ ಮಲಗುವ ಬಸ್ಸುಗಳ ಬಗ್ಗೆಯೂ ಒಂದು ಮಾತು. ಇಂಥ ದಿನಗಳಲ್ಲಿ ಅವುಗಳ ದರ ಎರಡು ಪಟ್ಟು, ಮೂರು ಪಟ್ಟು. ಬೇರೆ ದಾರಿ ಇಲ್ಲದಾಗ ಹತ್ತಬೇಕಾದೀತು. ಹತ್ತಿದವರು ತುರ್ತು ಬಾಗಿಲು ಎಲ್ಲಿದೆ, ಗಾಜು ಒಡೆಯುವ ಸುತ್ತಿಗೆ ಇದೆಯೋ ಇಲ್ಲವೋ ಎಂದು ಮೊದಲು ನೋಡಿಕೊಳ್ಳಿರಿ. 2025ರ ಅಕ್ಟೋಬರ್ 24ರ ನಸುಕಿನಲ್ಲಿ ಹೈದರಾಬಾದಿನಿಂದ ಬೆಂಗಳೂರಿಗೆ ಹೊರಟ ಬಸ್ಸು ಕರ್ನೂಲಿನ ಹತ್ತಿರ ಉರಿದು 19 ಪ್ರಯಾಣಿಕರು ಒಳಗೇ ಸುಟ್ಟುಹೋದರು.

ಇದಕ್ಕೆಲ್ಲ ಉಪಾಯವಿಲ್ಲವೇ? ನಮ್ಮ ಭಾಗದ ಇತಿಹಾಸದಲ್ಲಿಯೇ ಒಂದು ದಾರಿ ಇದೆ. ಕಲಬುರಗಿ ಹೈದರಾಬಾದು ಸಂಸ್ಥಾನದಲ್ಲಿದ್ದಾಗ, 1932ರಲ್ಲಿ, 27 ಬಸ್ಸುಗಳೂ 166 ನೌಕರರೂ ಸೇರಿ ಸರಕಾರಿ ಮೋಟಾರು ಸಾರಿಗೆ ಆರಂಭವಾಯಿತು. ಅದನ್ನು ನಡೆಸಿದ್ದು ರೈಲ್ವೆ ಇಲಾಖೆ. 1945ರಲ್ಲಿ ಹುಟ್ಟಿದ ಡೆಕ್ಕನ್ ಏರ್‌ವೇಸ್‌ನಲ್ಲಿಯೂ ಅದೇ ರೈಲ್ವೆಗೆ ಪಾಲಿತ್ತು. ರೈಲು, ಬಸ್ಸು, ವಿಮಾನ ಮೂರಕ್ಕೂ ಒಂದೇ ಕಚೇರಿಯ ಕೈ. ನಿಜಾಮನನ್ನು ಹೊಗಳಲು ಇದನ್ನು ಹೇಳುತ್ತಿಲ್ಲ. ನಮ್ಮ ಹಿರಿಯರು ಅವನ ಜೈಲು ಕಂಡವರು. 1953ರಲ್ಲಿ ಡೆಕ್ಕನ್ ಏರ್‌ವೇಸ್ ಸೇರಿ ಖಾಸಗಿ ವಿಮಾನ ಕಂಪನಿಗಳೆಲ್ಲ ರಾಷ್ಟ್ರೀಕರಣವಾದವು. ಆ ಕಾನೂನನ್ನು 1994ರಲ್ಲಿ ತೆಗೆದುಹಾಕಿದರು. ಏರ್ ಇಂಡಿಯಾ 2022ರ ಜನವರಿಯಲ್ಲಿ ಟಾಟಾ ಕಂಪನಿಗೆ ಹೋಯಿತು. ಈಗ ಮೂರೂ ಮೂರು ದಿಕ್ಕು. ವಿಮಾನ ತಡವಾದದ್ದು ರೈಲಿಗೆ ಗೊತ್ತಿಲ್ಲ, ರೈಲು ತಡವಾದದ್ದು ಬಸ್ಸಿಗೆ ಗೊತ್ತಿಲ್ಲ. ಫ್ರಾನ್ಸ್ ದೇಶದಲ್ಲಿ ಎರಡೂವರೆ ತಾಸಿನೊಳಗೆ ರೈಲಿನಲ್ಲಿ ಮುಟ್ಟಬಹುದಾದ ಕೆಲವು ಊರುಗಳ ನಡುವೆ ವಿಮಾನವನ್ನೇ 2023ರಲ್ಲಿ ನಿಷೇಧಿಸಿದರು. ನಾವು ಅಷ್ಟು ಕೇಳುವುದಿಲ್ಲ. ಸಾರ್ವಜನಿಕ ಹಣದಿಂದ ಹಾರುವ ವಿಮಾನ ಕೈಕೊಟ್ಟ ದಿನ ಆ ಕಂಪನಿಯ ಖರ್ಚಿನಲ್ಲಿ ಪ್ರಯಾಣಿಕನಿಗೆ ರೈಲು ಇಲ್ಲವೆ ಸರಕಾರಿ ಬಸ್ಸಿನಲ್ಲಿ ಸ್ಥಳ ಕೊಡಿಸಲಿ. ಅದಕ್ಕಾಗಿ ಹೆಚ್ಚಿನ ಡಬ್ಬಿ ಜೋಡಿಸಲಿ, ಸಾಮಾನ್ಯ ಡಬ್ಬಿಯವರನ್ನು ತಳ್ಳಬಾರದು. ಇಷ್ಟೇ.

ಬಸ್ಸಿನ ಮಾತು ಬಂದಾಗ ಬಸ್ಸಿನವರನ್ನು ಮರೆಯಲಾಗದು. ನಮ್ಮ ಸಾರಿಗೆ ನಿಗಮ 2000ದಲ್ಲಿ ಕಲಬುರಗಿಯನ್ನು ಕೇಂದ್ರ ಮಾಡಿಕೊಂಡು ಹುಟ್ಟಿತು. 2021ರಿಂದ ಕಲ್ಯಾಣ ಕರ್ನಾಟಕ ಎಂಬ ಹೆಸರು. ಲಾಭವಿಲ್ಲವೆಂದು ಅದು ಹಳ್ಳಿಯ ಬಸ್ಸನ್ನು ಮೂರು ವರ್ಷಕ್ಕೆ ಮಡಚಿಕೊಂಡು ಹೋಗುವುದಿಲ್ಲ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಪುಕ್ಕಟೆ ಪ್ರಯಾಣ ಬಂದ ಮೇಲೆ ನಮ್ಮ ತಾಯಂದಿರು ಆಸ್ಪತ್ರೆ, ಕಚೇರಿ ಕಾಣುವಂತಾಯಿತು. ಬಸ್ಸು ಕಿಕ್ಕಿರಿಯಿತು, ಚಾಲಕ ನಿರ್ವಾಹಕರ ದುಡಿತ ಹೆಚ್ಚಿತು. 38 ತಿಂಗಳ ಬಾಕಿಗಾಗಿ 2025ರ ಆಗಸ್ಟ್ 5ರಂದು ಅವರು ಮುಷ್ಕರ ಹೂಡಿದಾಗ ಊರೆಲ್ಲ ನಿಂತುಹೋಯಿತು. ಆ ದಿನ ಬೈದವರು ಬಹಳ. ಪೈಲಟ್‌ನ ನಿದ್ದೆಯ ಬಗ್ಗೆ ನಾವು ಆಡಿದ ಮಾತು ಹಗಲು ರಾತ್ರಿ ಎರಡು ಪಾಳಿ ಎಳೆಯುವ ನಮ್ಮ ಬಸ್ಸಿನ ಚಾಲಕನಿಗೂ ಸಲ್ಲುತ್ತದೆ.

ಭೀಮೆ ಉಕ್ಕಿದಾಗಿನ ತೊಂದರೆ ನಿಮಗೆ ಹೇಳಬೇಕಾಗಿಲ್ಲ. ಘತ್ತರಗಿ, ಗಾಣಗಾಪುರದ ಸೇತುವೆಗಳು ನೀರಿನಡಿ ಹೋದರೆ ವಿಮಾನ ವೇಳೆಗೆ ಸರಿಯಾಗಿ ಬಂದರೂ ಅಫಜಲಪುರದವನು ಸುತ್ತುದಾರಿಯಲ್ಲೇ ರಾತ್ರಿ ಕಳೆಯಬೇಕು. ಅದು ಬೇರೆಯೇ ಭಾಷಣದ ವಿಷಯ, ಮಳೆಗಾಲದ ಮುಂಚೆ ಎತ್ತಿಕೊಳ್ಳುತ್ತೇವೆ.

ಈಗ ಕೈಯಲ್ಲಿರುವ ಕೆಲಸ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಪೇಟೆಗಳಿಗೆ ರೈಲು ಇಲ್ಲ. ಮೂರಕ್ಕೂ ಕಲಬುರಗಿಯೇ ಬಾಗಿಲು. ವಂದೇ ಭಾರತ್ ಕಲಬುರಗಿಯಿಂದ ಬೆಳಗಿನ ಜಾವ ಹೊರಡುತ್ತದೆ. ತಿರುಗಿ ಬರುವುದು ರಾತ್ರಿ ಬಹಳ ಹೊತ್ತಾದ ಮೇಲೆ. ನಸುಕಿನ ರೈಲಿಗೆ ಹೊಂದುವ ಬಸ್ಸು ಸಿಗದೆ ನಮ್ಮವರು ಹಿಂದಿನ ರಾತ್ರಿಯೇ ಹೋಗಿ ನಿಲ್ದಾಣದಲ್ಲಿ ಮಲಗುತ್ತಾರೆ. ರಾತ್ರಿ ಇಳಿದವರು ಬೆಳಗಿನ ಮೊದಲ ಬಸ್ಸಿಗಾಗಿ ಕೂಡುತ್ತಾರೆ. ವಿಮಾನ ಕೈಕೊಟ್ಟು ರೈಲಿಗೆ ಬಂದವನೂ ಕೂಡುವುದು ಅದೇ ಕಲ್ಲುಬೆಂಚಿನ ಮೇಲೆ. ಮೂರೂ ತಾಲೂಕಿಗೆ ಒಂದೊಂದು ಬಸ್ಸನ್ನು ರೈಲು ನಿಲ್ದಾಣದ ಬಾಗಿಲಿನಿಂದಲೇ, ರೈಲು ಬಂದ ಮೇಲೆ ಹೊರಡುವಂತೆ, ಅಂದರೆ ರೈಲು ತಡವಾದರೆ ಬಸ್ಸೂ ಕಾಯುವಂತೆ ಬಿಡಬೇಕೆಂದು ನಿಗಮಕ್ಕೆ ಅರ್ಜಿ ಬರೆದಿದ್ದೇವೆ. ಆ ರಾತ್ರಿ ಪಾಳಿಗೆ ಬೇರೆ ಚಾಲಕರನ್ನು ನೇಮಿಸಬೇಕು, ಹಗಲು ದುಡಿದವರನ್ನೇ ಹಚ್ಚಬಾರದು ಎಂದೂ ಅದರಲ್ಲಿ ಬರೆದಿದೆ. ಸಹಿಯ ಹಾಳೆಗಳು ಮೂರೂ ಊರಿನ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಗಳಲ್ಲಿವೆ. ಗಿರಣಿಯ ಎರಡನೆಯ ಪಾಳಿಯವರಿಗಾಗಿ ರಾತ್ರಿ ಹತ್ತರವರೆಗೆ ಇಟ್ಟಿರುತ್ತಾರೆ. ಸಹಿ ಬಾರದವರು ಹೆಬ್ಬೆಟ್ಟು ಒತ್ತಿದರೂ ನಡೆಯುತ್ತದೆ. ಬರುವ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಹಾಳೆಗಳನ್ನು ಒಟ್ಟು ಮಾಡಿಕೊಂಡು ಕಲಬುರಗಿಯ ಕಚೇರಿಗೆ ಹೋಗುತ್ತೇವೆ. ಬರುವವರು ಎಂಟರ ಬಸ್ಸಿಗೆ ಬನ್ನಿರಿ.